ಸಹಾಯ ಪೋರ್ಟಲ್ ಕ್ಲೌಡ್‌ಗೆ ಹೋಗುವ ಮುನ್ನ ಹಳೆಯ ಕನ್ನಡ ದೂರುಗಳನ್ನು ತೆರೆದು ನೋಡಿ

ನಿಮ್ಮ ಸಂಸ್ಥೆಯ ಗ್ರಾಹಕ ಸಹಾಯ ಪೋರ್ಟಲನ್ನು ಕಚೇರಿಯ ಸರ್ವರಿನಿಂದ ಕ್ಲೌಡ್‌ಗೆ ಸಾಗಿಸುವ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಡಲಿದ್ದೀರಾ? ಹಾಗಿದ್ದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಇದನ್ನು ಓದಿ. ನಮ್ಮದು ಕೃಷಿ ಪಂಪ್‌ಸೆಟ್ ಮಾರುವ ಸಂಸ್ಥೆ. ದೂರು ಕೊಡುವವರಲ್ಲಿ ಹೆಚ್ಚಿನವರು ರೈತರು ಮತ್ತು ತಾಲ್ಲೂಕು ಮಟ್ಟದ ಡೀಲರುಗಳು. ಅವರು ಬರೆಯುವುದು ಕನ್ನಡದಲ್ಲಿ. ವರ್ಷಗಳ ಕಾಲ ಕೂಡಿಬಂದ ಆ ಬರಹವನ್ನು ಗುತ್ತಿಗೆದಾರರು ಹೇಗೆ ಹಾಳುಮಾಡಿದರು ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದೇ ತಪ್ಪು ಎಲ್ಲಿ ಬೇಕಾದರೂ ಮರುಕಳಿಸಬಹುದು.

ಪ್ರಾಯೋಗಿಕ ಸಾಗಣೆ ಸುಗಮವಾಗಿ ನಡೆದಿತ್ತು. ಅವರು ತೋರಿಸಿದ ಮಾದರಿ ದೂರುಗಳೆಲ್ಲ ಇತ್ತೀಚಿನವು, ಎಲ್ಲವೂ ಇಂಗ್ಲಿಷಿನವು. ಕನ್ನಡದ ದೂರುಗಳನ್ನೂ ತೋರಿಸಿ ಎಂದು ನಮ್ಮ ಸಹಾಯ ಕೇಂದ್ರದವರು ಕೇಳಿದಾಗ ‘ಯುನಿಕೋಡ್ ಇದ್ದರೆ ಯಾವ ಭಾಷೆಯಾದರೂ ಒಂದೇ’ ಎಂಬ ಉತ್ತರ ಬಂತು (ಯುನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ). ಪೋರ್ಟಲ್ ಕ್ಲೌಡ್‌ನಲ್ಲಿ ತೆರೆದುಕೊಂಡ ಬೆಳಿಗ್ಗೆ ಹಳೆಯ ಕನ್ನಡ ದೂರುಗಳಲ್ಲಿ ಒಂದಕ್ಷರವನ್ನೂ ಓದಲಾಗಲಿಲ್ಲ. ಒಂದೊಂದು ಕನ್ನಡ ಅಕ್ಷರದ ಜಾಗದಲ್ಲೂ ಮೂರು ವಿಚಿತ್ರ ಗುರುತುಗಳು: ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ಎ, ಅದರ ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3, ಆಮೇಲೆ ಇನ್ನೇನೋ ಒಂದು.

ಈ ಗುರುತುಗಳನ್ನು ಕಂಡರೆ ಕಾರಣ ಊಹಿಸುವುದು ಕಷ್ಟವಲ್ಲ. ಯುನಿಕೋಡ್ ಬರಹವನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಮೂಲಾಕ್ಷರವೂ, ಕೊಂಬಿನಂಥ ಪ್ರತಿಯೊಂದು ಚಿಹ್ನೆಯೂ ಮೂರು ಬೈಟ್ (ಸಂಗ್ರಹದ ಚಿಕ್ಕ ತುಣುಕು) ತೆಗೆದುಕೊಳ್ಳುತ್ತದೆ. ಯಾವುದೋ ಹಂತದಲ್ಲಿ ಒಂದು ಪ್ರೋಗ್ರಾಂ ಆ ಬೈಟುಗಳನ್ನು ಯುಟಿಎಫ್-8 ಎಂದು ತಿಳಿಯದೆ, ಪಾಶ್ಚಾತ್ಯ ಭಾಷೆಗಳಿಗಾಗಿ ಇರುವ ವಿಂಡೋಸ್-1252 ಪಟ್ಟಿಯ ಪ್ರಕಾರ ಒಂದೊಂದಾಗಿ ಓದಿದರೆ ಮೂರು ಬೈಟು ಮೂರು ಗುರುತುಗಳಾಗುತ್ತವೆ. ಇಷ್ಟೇ ಆಗಿದ್ದರೆ ಹಿಂದಕ್ಕೆ ತಿರುಗಿಸಬಹುದಿತ್ತು. ಗುತ್ತಿಗೆದಾರರು ಹಾಗೆ ತಿರುಗಿಸಿಯೂ ಕೊಟ್ಟರು. ಆದರೆ ‘ಪಂಪ್ ನೀರು ಎತ್ತುತ್ತಿಲ್ಲ’ ಎಂದು ರೈತರು ಬರೆದಿದ್ದ ಕಡೆ ನಮಗೆ ಕಂಡದ್ದು ‘ಪಂಪ? ನೀರ? ಎತ?ತ?ತ?ತಿಲ?ಲ’.

ಎಲ್ಲ ಒತ್ತಕ್ಷರಗಳೂ ಮುರಿದಿದ್ದವು, ಎಲ್ಲ ಕೊಂಬುಗಳೂ ಹೋಗಿದ್ದವು. ವಿಂಡೋಸ್-1252 ಪಟ್ಟಿಯಲ್ಲಿ ಐದು ಸ್ಥಾನಗಳಿಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆಯ ಮೂರನೆಯ ಬೈಟು ಮತ್ತು ಉಕಾರದ ಕೊಂಬಿನ ಮೂರನೆಯ ಬೈಟು ಸರಿಯಾಗಿ ಆ ಖಾಲಿ ಸ್ಥಾನಗಳಲ್ಲೇ ಬೀಳುತ್ತವೆ. ಏ, ಐ, ಝ ಅಕ್ಷರಗಳದ್ದೂ ಅದೇ ಪಾಡು. ಕೆಲವು ಪ್ರೋಗ್ರಾಂಗಳು ಆ ಬೈಟನ್ನು ಹಾಗೆಯೇ ದಾಟಿಸುತ್ತವೆ, ಕೆಲವು ಅದನ್ನು ಎಸೆದು ಪ್ರಶ್ನೆಚಿಹ್ನೆ ಹಾಕುತ್ತವೆ. ಇವರದು ಎರಡನೆಯ ಜಾತಿಯದು. ಒಮ್ಮೆ ಪ್ರಶ್ನೆಚಿಹ್ನೆ ಬಿದ್ದ ಮೇಲೆ ಅಲ್ಲಿ ಹಲಂತವಿತ್ತೇ ಕೊಂಬಿತ್ತೇ ಎಂದು ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ. ಹೀಗಾಗಿ ಯಾರಾದರೂ ‘ಅಕ್ಷರ ಕೆಟ್ಟರೆ ಆಮೇಲೆ ಸರಿಮಾಡಿಕೊಡುತ್ತೇವೆ’ ಎಂದರೆ ನಂಬಬೇಡಿ.

ಇದೇ ಗುತ್ತಿಗೆದಾರರು ನಡುವೆ ಕಡತಗಳನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಎಕ್ಸೆಲ್ ಯಾವುದೇ ಸಂಖ್ಯೆಯ ಮೊದಲ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. ನಮ್ಮ ಯಂತ್ರಗಳ ಕ್ರಮಸಂಖ್ಯೆ 16 ಅಂಕಿಯದು. ಎಲ್ಲವುಗಳ ಕೊನೆಯ ಅಂಕಿಯೂ ಸೊನ್ನೆಯಾಗಿತ್ತು.

ಅಕ್ಷರ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ನನಗೆ ಇಂದಿಗೂ ಸಿಟ್ಟು ತರಿಸುವುದು ಕಣ್ಣಿಗೆ ಕಾಣದೆ ಆದ ಇನ್ನೊಂದು ಹಾನಿ. ಹಳೆಯ ದೂರುಗಳನ್ನೆಲ್ಲ ಹೊಸ ಪೋರ್ಟಲಿನಲ್ಲಿ ಹೊಸದಾಗಿ ದಾಖಲಿಸಿದ ಹಾಗೆ ತುಂಬಿದ್ದರಿಂದ ದೂರಿನ ದಿನಾಂಕದ ಜಾಗದಲ್ಲಿ ಸಾಗಣೆಯ ದಿನಾಂಕ ಬಂದು ಕೂತಿತು. ವಾರಂಟಿಯ ಅವಧಿಯೊಳಗೇ ದೂರು ಕೊಟ್ಟು, ಬಿಡಿಭಾಗಕ್ಕಾಗಿ ಕಾಯುತ್ತಿದ್ದ ರೈತರಿಗೆ ಸರ್ವಿಸ್ ಕೇಂದ್ರದವರು ‘ನಿಮ್ಮ ವಾರಂಟಿ ಮುಗಿದ ಮೇಲೆ ದೂರು ಬಂದಿದೆ, ದುಡ್ಡು ಕೊಡಿ’ ಎಂದರು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಆಯೋಗಕ್ಕೆ ಹೋಗಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಕಾಲಮಿತಿಯಿದೆ. ದೂರಿನ ದಿನಾಂಕ ಎಂದರೆ ಆ ಮನುಷ್ಯನ ಕೈಯಲ್ಲಿರುವ ಸಾಕ್ಷ್ಯ. ಅದನ್ನು ಅಳಿಸಿಹಾಕುವ ಹಕ್ಕು ಯಾರಿಗೂ ಇಲ್ಲ. ದಿನಾಂಕ ಸರಿಯಾಗಿ ಬಂದಂತೆ ಕಂಡರೂ ಗಂಟೆಯನ್ನು ನೋಡಿ: ಕ್ಲೌಡ್ ವ್ಯವಸ್ಥೆಗಳು ಸಾಮಾನ್ಯವಾಗಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇಡುತ್ತವೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಮೂರು ಫೇಸ್ ವಿದ್ಯುತ್ ರಾತ್ರಿ ಸಿಗುವ ಊರುಗಳಿಂದ ಪಂಪಿನ ದೂರುಗಳು ಬರುವುದೂ ಅಪರಾತ್ರಿಯಲ್ಲೇ. ವರದಿಯಲ್ಲಿ ಅವೆಲ್ಲ ಹಿಂದಿನ ದಿನಕ್ಕೆ ಸೇರಿಬಿಡುತ್ತವೆ.

ಹೊಸ ದಾಖಲೆ ಹುಟ್ಟಿದಾಗ ಗ್ರಾಹಕರಿಗೆ ತಾನಾಗಿ ಮೇಲ್ ಹೋಗುವ ವ್ಯವಸ್ಥೆ ಪೋರ್ಟಲಿನಲ್ಲಿ ಇರುತ್ತದೆ. ಅದನ್ನು ಸಾಗಣೆಯ ಮೊದಲು ನಿಲ್ಲಿಸಿರಲಿಲ್ಲ. ಎಂದೋ ಬಗೆಹರಿದ ತಕರಾರುಗಳಿಗೆ ‘ನಿಮ್ಮ ದೂರು ದಾಖಲಾಗಿದೆ’ ಎಂಬ ಮೇಲ್ ಹೋಗಿ, ನಮ್ಮ ಸಹಾಯವಾಣಿಯಲ್ಲಿ ಕೂತ ಹೆಣ್ಣುಮಕ್ಕಳು ಬೈಗುಳ ಕೇಳಬೇಕಾಯಿತು.

ಲಾಗಿನ್ ವಿಷಯದಲ್ಲಿ ನಡೆದದ್ದು ಅಪಾಯಕಾರಿ. ಹಳೆಯ ಪೋರ್ಟಲಿನಲ್ಲಿ ಮೊಬೈಲ್ ಸಂಖ್ಯೆ ಇದ್ದರೆ ಸಾಕಿತ್ತು. ಹೊಸದರಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಇಮೇಲ್ ಬೇಕು. ಇಮೇಲ್ ಇಲ್ಲದ ಡೀಲರುಗಳಿಗೆ ಗುತ್ತಿಗೆದಾರರು ನಮ್ಮದಲ್ಲದ ಯಾವುದೋ ಡೊಮೇನಿನಲ್ಲಿ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಸುಳ್ಳು ವಿಳಾಸಗಳನ್ನು ತುಂಬಿದ್ದರು. ಆ ಡೊಮೇನ್ ಯಾರ ಕೈಯಲ್ಲಿದೆಯೋ ಅವರಿಗೆ ಪಾಸ್‌ವರ್ಡ್ ಬದಲಿಸುವ ಮೇಲ್ ಹೋಗುತ್ತದೆ. ಆ ಖಾತೆಗಳ ಒಳಗೆ ಇರುವುದು ಬಿಲ್ಲು, ಪಹಣಿ, ಆಧಾರ್ ಕಾರ್ಡಿನ ಫೋಟೋ. ನಮ್ಮ ಸಿಸ್ಟಮ್ ಅಡ್ಮಿನ್ ಇದನ್ನು ಗಮನಿಸಿ ಅದೇ ಸಂಜೆ ಆ ಖಾತೆಗಳನ್ನು ಮುಚ್ಚಿಸಿದರು.

ಕ್ಲೌಡ್‌ನಲ್ಲಿ ಬ್ಯಾಕಪ್ ಇದ್ದೇ ಇರುತ್ತದೆ, ಹಳೆಯ ಸರ್ವರನ್ನು ಈ ವಾರವೇ ಅಳಿಸಿಬಿಡೋಣ ಎಂದು ಗುತ್ತಿಗೆದಾರರು ಅವಸರಿಸಿದಾಗ ತಡೆದವರೂ ನಮ್ಮ ಅಡ್ಮಿನ್ ಅವರೇ. ಸಹಾಯ ಪೋರ್ಟಲುಗಳ ತಂತ್ರಾಂಶ ಮಾರುವ ದೊಡ್ಡ ಸಂಸ್ಥೆ ಅಟ್ಲಾಸಿಯನ್‌ನಲ್ಲಿ 2022ರ ಏಪ್ರಿಲ್‌ನಲ್ಲಿ ಒಂದು ಸ್ಕ್ರಿಪ್ಟ್ (ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ತಪ್ಪಾಗಿ ಓಡಿ ಸುಮಾರು 775 ಗ್ರಾಹಕ ಸಂಸ್ಥೆಗಳ ಕ್ಲೌಡ್ ತಾಣಗಳು ಅಳಿಸಿಹೋದವು. ಕೆಲವರಿಗೆ ಅವು ಮರಳಿ ಸಿಗಲು 14 ದಿನ ಹಿಡಿಯಿತು. ಅಂಥವರಲ್ಲೇ ಹೀಗಾಗುವುದಾದರೆ ನಿಮ್ಮ ಕೈಯಲ್ಲೊಂದು ಪ್ರತಿ ಇರಲೇಬೇಕು. ಅಲ್ಲದೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಯಾರು ಯಾವಾಗ ಏನು ಮಾಡಿದರು ಎಂಬುದರ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಸರ್ವರಿನ ಜೊತೆಗೆ ಅವೂ ಹೋಗಿಬಿಟ್ಟರೆ ಕೇಳಿದಾಗ ಏನು ಕೊಡುತ್ತೀರಿ?

ನಮ್ಮ ಅಡ್ಮಿನ್ ಎತ್ತಿಟ್ಟಿದ್ದ ಮೂಲ ಡೇಟಾಬೇಸ್ ಪ್ರತಿಯಿಂದಲೇ ನಮ್ಮ ದೂರುಗಳು ಮತ್ತೆ ಓದುವಂತಾದವು, ದಿನಾಂಕಗಳು ತಮ್ಮ ಜಾಗಕ್ಕೆ ಬಂದವು.

ಒಪ್ಪಂದದಲ್ಲಿ ಈ ಮಾತುಗಳನ್ನು ಬರೆಸಿಕೊಳ್ಳದೆ ಬಿಡಬೇಡಿ: ಪ್ರಾಯೋಗಿಕ ಸಾಗಣೆ ಪೂರ್ತಿ ದತ್ತಾಂಶದ ಮೇಲೆ ನಡೆಯಬೇಕು, ಮಾದರಿಯ ಮೇಲಲ್ಲ. ಅತ್ಯಂತ ಹಳೆಯ ವರ್ಷದ ದೂರುಗಳನ್ನು, ಒತ್ತಕ್ಷರ ತುಂಬಿದ ದೂರುಗಳನ್ನು, ಅಪರಾತ್ರಿಯ ದೂರುಗಳನ್ನು ನಿಮ್ಮ ಸಹಾಯ ಕೇಂದ್ರದವರೇ ಆರಿಸಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಹೊರಹೋಗುವ ಮೇಲ್ ಅಲ್ಲಿಯವರೆಗೆ ನಿಂತಿರಬೇಕು. ಸಹಾಯ ಕೇಂದ್ರದವರು ಬರವಣಿಗೆಯಲ್ಲಿ ಒಪ್ಪಿಗೆ ಕೊಡುವ ತನಕ ಕೊನೆಯ ಕಂತಿನ ಹಣ ನಿಮ್ಮ ಬಳಿಯೇ ಇರಲಿ. ಹಳೆಯ ಸರ್ವರಿನ ಕೀಲಿಕೈ ಕೂಡ.