ಹುಬ್ಬಳ್ಳಿ ಬಿಸಿಲಿಗೆ ಯಾವ ಲಾನ್ ಹುಲ್ಲು? ಮೂರು ತಳಿ ಬೆಳೆಸಿ ನೋಡಿದ ಮೇಲೆ

ಸೀದಾ ಹೇಳಿಬಿಡುತ್ತೇನೆ. ದಿನವಿಡೀ ಬಿಸಿಲು ಬೀಳುವ ಅಂಗಳವಿದ್ದರೆ ಸೆಲೆಕ್ಷನ್ ಒನ್ ಹಾಕಿಸಿ. ಮರದ ನೆರಳಿದ್ದರೆ ಬಫೆಲೋ. ಮೆಕ್ಸಿಕನ್ ಹುಲ್ಲಿನ ಮೇಲೆ ಆಸೆಯಿದ್ದರೆ ಮೊದಲು ನಿಮ್ಮ ಓಣಿಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ನೋಡಿಕೊಳ್ಳಿ.

ನಮ್ಮ ಮನೆ ಗೋಕುಲ ರೋಡ್ ಕಡೆ. ಅಪ್ಪಟ ಎರೆ ಮಣ್ಣಿನ ಸೈಟು. ಮುಂದೆ ಸುಮಾರು 400 ಚದರ ಅಡಿ ಬಯಲು, ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ, ಹಿತ್ತಲಲ್ಲಿ ಮಾವಿನ ಮರ. ಮೂರು ಜಾಗಕ್ಕೂ ಮೂರು ಬೇರೆ ಹುಲ್ಲು ಹಾಕಿಸಿದ್ದೆವು: ಮುಂದೆ ಸೆಲೆಕ್ಷನ್ ಒನ್, ಪಕ್ಕದ ಪಟ್ಟಿಗೆ ಮೆಕ್ಸಿಕನ್, ಹಿತ್ತಲಿಗೆ ಬಫೆಲೋ. ಈಗ ಐದು ವರ್ಷದ ಮೇಲಾಯಿತು.

ಸೆಲೆಕ್ಷನ್ ಒನ್ ಅಂದರೆ ಬೇರೇನಲ್ಲ, ನಮ್ಮ ಕರಕಿಯದೇ (ಗರಿಕೆ) ಆರಿಸಿ ತೆಗೆದ ತಳಿ. ಎಲೆ ಸಣ್ಣ, ಗಿಣ್ಣು ಹತ್ತಿರ ಹತ್ತಿರ, ಹಾಗಾಗಿ ದಟ್ಟವಾಗಿ ಕೂರುತ್ತದೆ. ಬಳ್ಳಿ ನೆಲದ ಮೇಲೂ ಓಡುತ್ತದೆ, ಮಣ್ಣೊಳಗೂ ಓಡುತ್ತದೆ. ಮಕ್ಕಳು ಕ್ರಿಕೆಟ್ ಆಡಿ ಬೋಳು ಮಾಡಿದ ಜಾಗ ಮಳೆಗಾಲದಲ್ಲಿ ನೋಡನೋಡುತ್ತಲೇ ಮುಚ್ಚಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನೀರು ತಪ್ಪಿದರೆ ಒಣಗಿ ಕಂದು ಆಗುತ್ತದೆ, ಸತ್ತೇ ಹೋಯಿತು ಅನಿಸುತ್ತದೆ. ಒಂದು ಒಳ್ಳೆ ಅಡ್ಡಮಳೆ ಬಿದ್ದರೆ ಸಾಕು, ಮತ್ತೆ ಹಸಿರು. ಇದೊಂದು ಗುಣಕ್ಕೇ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಒಂದು ಅಂಕ ಯಾಕೆ ಕಡಿಮೆ? ಮಳೆಗಾಲದಲ್ಲಿ ವಾರವಾರ ಕತ್ತರಿಸಬೇಕು. ಬಿಟ್ಟರೆ ಎತ್ತರ ಬೆಳೆದು ಕೆಳಗೆ ಬರೀ ಕಡ್ಡಿ ಉಳಿಯುತ್ತದೆ. ಆಮೇಲೆ ಗಿಡ್ಡ ಕತ್ತರಿಸಿದರೆ ಇಡೀ ಲಾನ್ ಬೂದುಬಣ್ಣ. ಒಮ್ಮೆಗೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಇನ್ನು ಗುಲಾಬಿ ಪಾತಿಗೆ ನುಗ್ಗುವುದರಲ್ಲಿ ಇದಕ್ಕೆ ಸರಿಸಾಟಿ ಇಲ್ಲ, ಫರ್ಸಿ ಕಲ್ಲಿನ ಅಡಿಯಿಂದಲೂ ಬರುತ್ತದೆ. ನೆರಳಂತೂ ಆಗಿಬರುವುದಿಲ್ಲ. ನಮ್ಮ ದಕ್ಷಿಣದ ಕಾಂಪೌಂಡ್ ಗೋಡೆಯ ಬುಡಕ್ಕೆ ಡಿಸೆಂಬರ್‌ನಲ್ಲಿ ಬಿಸಿಲು ಬೀಳುವುದಿಲ್ಲ. ಅಷ್ಟಗಲ ಪಟ್ಟಿ ಪ್ರತಿ ವರ್ಷ ತೆಳ್ಳಗಾಗುತ್ತದೆ. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು ಇದಕ್ಕೆ. ಅಂದಹಾಗೆ, ಮೂಲೆಯಲ್ಲಿ ಒಂದಿಷ್ಟು ಕತ್ತರಿಸದೆ ಬಿಟ್ಟಿರುತ್ತೇವೆ. ಗಣೇಶ ಚೌತಿಗೆ ಓಣಿಯವರೆಲ್ಲ ಕರಕಿಗೆ ನಮ್ಮನೆಗೇ ಬರುವುದು.

ಮೆಕ್ಸಿಕನ್ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಇದು ಜೋಯ್ಸಿಯಾ ಜಾತಿಯದು. ಕೈಯಾಡಿಸಿದರೆ ಒತ್ತಾಗಿ, ಮೆತ್ತಗೆ ಇರುತ್ತದೆ. ಸ್ವಲ್ಪ ನೆರಳನ್ನೂ ತಾಳಿಕೊಳ್ಳುತ್ತದೆ, ಕತ್ತರಿಸುವ ಕೆಲಸವೂ ಕಡಿಮೆ. ಆದರೆ ಬೆಳವಣಿಗೆ ನಿಧಾನ. ಎಲ್ಲಾದರೂ ಒಂದು ಅಂಗೈಯಗಲ ಹೋದರೆ ಅದು ತುಂಬಲು ಒಂದು ಇಡೀ ಮಳೆಗಾಲ ಬೇಕು. ಹಾಗಾಗಿ ಬೀಜ, ಬಳ್ಳಿ ಅಂತ ಕೂರದೆ ಹೆಚ್ಚಿನವರು ಚೌಕ ಚೌಕವಾಗಿ ಬರುವ ರೆಡಿ ಹುಲ್ಲನ್ನೇ ಹಾಸುತ್ತಾರೆ. ಖರ್ಚು ಜಾಸ್ತಿ ಆಗುವುದು ಅಲ್ಲೇ. ಬಿರುಬೇಸಿಗೆಯಲ್ಲಿ ನಮ್ಮ ಪಕ್ಕದ ಪಟ್ಟಿ ಮುಂದಿನ ಲಾನ್‌ಗಿಂತ ಮೊದಲು ಸೊರಗುತ್ತದೆ, ಚೇತರಿಸುವುದು ಮಾತ್ರ ಕೊನೆಗೆ. ಜನ ಓಡಾಡದ, ನೋಡಲಿಕ್ಕೆ ಅಂತಲೇ ಇರುವ ಸಣ್ಣ ಜಾಗಕ್ಕೆ ಸರಿ. ಮೂರು ಅಂಕ.

ಬಫೆಲೋ ಅಗಲ ಎಲೆಯದು, ಸ್ವಲ್ಪ ಒರಟು. ಬರಿಗಾಲಲ್ಲಿ ನಡೆಯುವವರಿಗೆ ಹಿಡಿಸುವುದಿಲ್ಲ. ಆದರೆ ಮಾವಿನ ಮರದ ಕೆಳಗೆ ಉಳಿದದ್ದು ಇದೊಂದೇ. ಕಾಂಡದ ಬುಡದಲ್ಲಿ ಮಾತ್ರ ಇದೂ ಬರಲಿಲ್ಲ. ಅಲ್ಲಿ ಸುಮ್ನೆ ಉರುಟು ಕಲ್ಲು ಹಾಕಿಬಿಟ್ಟೆವು.

ಈಗ ನೀರಿನ ಲೆಕ್ಕ. ಬೇಸಿಗೆಯಲ್ಲಿ ಲಾನ್‌ಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು ಅನ್ನುತ್ತಾರೆ. ಒಂದು ಚದರ ಮೀಟರಿಗೆ 25 ಲೀಟರ್. 400 ಚದರ ಅಡಿ ಅಂದರೆ ಸುಮಾರು 37 ಚದರ ಮೀಟರ್, ಒಟ್ಟು 925 ಲೀಟರ್. ಸಾವಿರ ಲೀಟರಿನ ಟ್ಯಾಂಕ್ ಪ್ರತಿ ವಾರ ಹುಲ್ಲಿಗೇ ಖಾಲಿ, ಅಲ್ವಾ? ಮಲಪ್ರಭೆಯಿಂದ ಬರುವ ಕುಡಿಯುವ ನೀರನ್ನು ಹುಲ್ಲಿಗೆ ಬಿಡಲು ನನಗಂತೂ ಮನಸ್ಸಾಗುವುದಿಲ್ಲ. ನಮ್ಮದು ಬೋರ್ ನೀರು. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೆ ಎರಡು ಸಲ ಚೆನ್ನಾಗಿ ಇಂಗುವಂತೆ ಬಿಟ್ಟರೆ ಬೇರು ಆಳಕ್ಕೆ ಹೋಗುತ್ತದೆ. ಎರೆ ಮಣ್ಣು ಬೇಗ ಹೀರುವುದಿಲ್ಲ, ನಿಧಾನಕ್ಕೆ ಬಿಡಿ.

ಎರೆ ಮಣ್ಣಿನವರಿಗೆ ಇನ್ನೂ ಎರಡು ಮಾತು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಲಾನ್ ಏರುತಗ್ಗಾಗುತ್ತದೆ. ಅದಕ್ಕೇ ನಾವು ಮೇಲೆ ಅರ್ಧ ಅಡಿ ಕೆಂಪು ಮಣ್ಣು, ಉಸುಕು ಕಲಸಿ ಹಾಕಿಸಿದ್ದೆವು. ಹುಲ್ಲಿಗಿಂತ ಈ ಮಣ್ಣಿನ ಟ್ರಿಪ್ಪಿನದೇ ಖರ್ಚು ಜಾಸ್ತಿ. ಧಾರವಾಡದಲ್ಲಿ ಕೆಂಪು ನೆಲದ ಮೇಲೆ ಮನೆ ಇರುವವರು ಪುಣ್ಯವಂತರು. ಎರಡನೆಯದು, ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಯೂರಿಯಾ ಸುರಿಯಬೇಡಿ, ಅದು ಕಬ್ಬಿಣದ ಕೊರತೆ ಇರಬಹುದು. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ ಸಂಜೆ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಬಣ್ಣ ತಿರುಗುತ್ತದೆ. ಫರ್ಸಿಯ ಮೇಲೆ ಬಿದ್ದ ಹನಿ ಕೂಡಲೇ ತೊಳೆಯಿರಿ. ನಮ್ಮ ಮೆಟ್ಟಿಲ ಮೇಲೆ ತುಕ್ಕಿನ ಚುಕ್ಕೆಗಳು ಇನ್ನೂ ಇವೆ.

ನನ್ನ ದೊಡ್ಡ ದೂರು ಹುಲ್ಲಿನ ಮೇಲಲ್ಲ, ಅದರ ಜೊತೆ ಬಂದ ಜೇಕು ಅನ್ನುವ ಕಳೆಯ ಮೇಲೆ. ನರ್ಸರಿಯಿಂದ ಬಂದ ಚೌಕಗಳ ಮಣ್ಣಿನಲ್ಲೇ ಗಡ್ಡೆಗಳಿದ್ದವು. ಹೇಳಿದರೆ "ಎಲ್ಲಾ ಕಡೆ ಇರೂದ ರೀ" ಅಂದರು. ಕಿತ್ತರೂ ಕಿತ್ತರೂ ಬರುತ್ತದೆ. ನಮ್ಮ ಮಾಲಿ ಮೊದಲ ದಿನವೇ ಹೇಳಿದ್ದ, "ಅಕ್ಕಾರ, ಮ್ಯಾಲ ಕಿತ್ತರ ಏನೂ ಆಗೂದಿಲ್ರಿ, ತಳದಾಗ ಗಡ್ಡಿ ಇರ್ತೈತಿ." ನೀವು ಕೊಳ್ಳುವಾಗ ಒಂದು ಚೌಕ ತಿರುವಿ, ಮಣ್ಣು ಒಡೆದು ನೋಡಿ. ಕಡಲೆಕಾಳಿನಷ್ಟು ಕರಿ ಗಡ್ಡೆ ಕಂಡರೆ ಆ ಲೋಡ್ ಬೇಡ ಅನ್ನಿ. ಆನ್‌ಲೈನ್ ಬೀಜದ ಪೊಟ್ಟಣಗಳಲ್ಲೂ ಹುಷಾರು. ಫೆಸ್ಕ್ಯೂ, ರೈ ಅಂತ ಬರೆದಿದ್ದರೆ ಅವು ಚಳಿ ದೇಶದವು. ನಮ್ಮ ಏಪ್ರಿಲ್ ದಾಟುವುದಿಲ್ಲ.

ಹಾಕಿಸಲು ಒಳ್ಳೆ ಸಮಯ ಜೂನ್, ಮುಂಗಾರು ಹಿಡಿದ ಮೇಲೆ. ಮಣ್ಣಿನ ಕೆಲಸ ಏಪ್ರಿಲ್‌ನಲ್ಲೇ ಮುಗಿಸಿಡಿ. ಅಡ್ಡಮಳೆಗೆ ಕಸ, ಜೇಕು ಎಲ್ಲ ಮೊಳೆಯಲಿ, ಗಡ್ಡೆ ಸಮೇತ ಅಗೆದು ತೆಗೆಸಿ, ಆಮೇಲೆ ಹುಲ್ಲು ಹಾಸಿ. ಆಳುಗಳಿಗೂ ಆಗಲೇ ಹೇಳಿಡಿ. ಜೂನ್‌ನಲ್ಲಿ ಎಲ್ಲರೂ ಬಿತ್ತಲಿಕ್ಕೆ ಊರಿಗೆ ಹೋಗಿರುತ್ತಾರೆ, ಯಾರೂ ಸಿಗುವುದಿಲ್ಲ.