ಹೂಗಿಡಕ್ಕೆ ಆಸರೆ ಕೋಲು ಹಾಕಿಸ್ತಿದ್ದೀರಾ? ಮಣ್ಣಿನ ಕೆಳಗೆ ಎಷ್ಟಿದೆ ಅಂತ ಕಿತ್ತು ನೋಡಿ

ಮೈಸೂರಲ್ಲಿ ಹೂಗಿಡ ಬೆಳೆಸೋರು ದಯವಿಟ್ಟು ಪೂರ್ತಿ ಓದಿ. ಹೆಸರು ಬರೆಯಲ್ಲ, ಬರೀಬೇಡ ಅಂತ ನಮ್ಮ ಮನೆಯವರು ಹೇಳಿದ್ದಾರೆ. ಆದರೆ "ಗಾರ್ಡನ್ ಸಪೋರ್ಟ್, ಅಡಿ ಲೆಕ್ಕ, ಫಿಟ್ಟಿಂಗ್ ನಮ್ಮದೇ, ಐದು ವರ್ಷ ವಾರಂಟಿ" ಅಂತ ಹಸಿರು ಪೈಪುಗಳ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿದ್ದರೆ ಅಡ್ವಾನ್ಸ್ ಹಾಕೋ ಮುಂಚೆ ಸ್ವಲ್ಪ ತಡೀರಿ. ನಂದು 7920 ರೂಪಾಯಿ ಹೋಯ್ತು. ದುಡ್ಡು ಹೋದದ್ದು ಒಂದು ಕಡೆ ಇರಲಿ, ಆ ಮನುಷ್ಯ ಕೊಟ್ಟ ಉತ್ತರಗಳು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ನಂದು ತವರು ತೀರ್ಥಹಳ್ಳಿ ಕಡೆ. ಮಳೆಗಾಲ ಅಂದರೆ ಅಂಗಳದ ತುಂಬ ಡೇರೆ ಹೂ, ಇಲ್ಲಿಯವರು ಡೇಲಿಯಾ ಅನ್ನೋದು. ಅಲ್ಲಿಂದ ತಂದ ಗಡ್ಡೆಗಳನ್ನೇ ಇಲ್ಲಿ ನಮ್ಮ ಕಾಂಪೌಂಡ್ ಪಕ್ಕದ ಪಾತಿಯಲ್ಲಿ ಹಾಕಿದ್ದೆ. ಈ ಸಲ ದಸರಾ ಹೊತ್ತಿಗೆ ಹೂ ತುಂಬಿರಬೇಕು, ತೋಟಗಳ ಸ್ಪರ್ಧೆಗೂ ಹೆಸರು ಕೊಡೋಣ ಅಂತ ಆಸೆ. ಎಂಟು ಇಂಚು ಅಗಲದ ಹೂ ಬಿಡೋ ಜಾತಿ. ಬೆಳೆಸಿದವರಿಗೆ ಗೊತ್ತು, ಡೇರೆ ಕಾಂಡ ನೋಡೋಕೆ ದಪ್ಪ, ಒಳಗೆ ಟೊಳ್ಳು. ಮಳೆ ನೀರು ಎಸಳುಗಳ ನಡುವೆ ನಿಂತರೆ ಹೂವಿನ ಭಾರಕ್ಕೇ ಬುಡ ಮುರಿಯುತ್ತೆ. ಕೋಲು ಕೊಡದೆ ಆಗಲ್ಲ. ಊರಲ್ಲಿ ಅಪ್ಪ ಗಡ್ಡೆ ಹಾಕೋ ದಿನವೇ ಪಕ್ಕಕ್ಕೆ ಅಡಿಕೆ ದಬ್ಬೆ ಊರಿ, ಗಿಡ ಏಳ್ತಾ ಬಂದ ಹಾಗೆ ಬಾಳೆ ನಾರಲ್ಲಿ ಕಟ್ಟುತ್ತಾ ಹೋಗೋರು.

ಇಲ್ಲಿ ಅಡಿಕೆ ದಬ್ಬೆ ಎಲ್ಲಿಂದ ತರೋದು? ಬಿದಿರಾದರೆ ಕುಟ್ಟೆ ಹುಳ, ಗೆದ್ದಲು ಅಂತ ಯೋಚನೆ ಮಾಡ್ತಿರುವಾಗಲೇ ಈ ಫೋಟೋ ಬಂತು. ಸ್ಟೀಲ್ ಪೈಪು, ಮೇಲೆ ಹಸಿರು ಪ್ಲಾಸ್ಟಿಕ್ ಕೋಟಿಂಗು, ಕೆಳಗೆ ಚೂಪು ತುದಿ, ಗಿಡ ಸುತ್ತೋಕೆ ಉಂಗುರ. ಫೋನ್ ಮಾಡಿದೆ. ಮಾತು ಅಂದರೆ ಬೆಣ್ಣೆ. "ಮೇಡಂ, ಏಳಡಿ ಪೈಪ್ ತಗೊಳ್ಳಿ. ಎರಡಡಿ ಭೂಮಿ ಒಳಗೆ, ಐದಡಿ ಮೇಲೆ. ಆನೆ ಬಂದು ಒರಗಿದ್ರೂ ಅಲ್ಲಾಡಲ್ಲ." ಅಡಿಗೆ 40 ರೂಪಾಯಿ. ಏಳಡಿಯದು 24 ಪೈಪು, 6720. ಕೂರಿಸೋಕೆ ಒಂದಕ್ಕೆ 50ರಂತೆ 1200. ಉಂಗುರ ಫ್ರೀ ಅಂತೆ. ಎರಡಡಿ ಒಳಗೆ ಅನ್ನೋ ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಕಥೆಯೆಲ್ಲಾ ಅಲ್ಲೇ ಇರೋದು.

ಇಬ್ಬರು ಹುಡುಗರು ಬಂದರು. ಅಷ್ಟರಲ್ಲಿ ಗಿಡ ಸೊಂಟದೆತ್ತರ ಬಂದಿತ್ತು. ಗಡ್ಡೆಗೆ ತಾಗದ ಹಾಗೆ ಒಂದು ಗೇಣು ಬಿಟ್ಟು ಹಾಕ್ರಪ್ಪ ಅಂತ ಹೇಳಿ ಟೀ ಮಾಡೋಕೆ ಒಳಗೆ ಹೋದೆ. ಅತ್ತೆಯವರಿಗೆ ಮಾತ್ರೆ ಕೊಟ್ಟು, ಕುಕ್ಕರ್ ಇಟ್ಟು ಹೊರಗೆ ಬರೋಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು! 24 ಪೈಪು, ಸಾಲಾಗಿ, ಸಿಪಾಯಿಗಳು. ಟೇಪು ಹಿಡಿದು ತೋರಿಸಿದರು, ಮಣ್ಣಿಂದ ಮೇಲಕ್ಕೆ ಸರಿಯಾಗಿ ಐದಡಿ. ನಾನೂ ಅಳೆದೆ. ಐದಡಿ. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗೇ ಇತ್ತು, ಸುತ್ತ ಮಣ್ಣು ಹಾಕಿ ಕಾಲಲ್ಲಿ ತುಳಿದಿದ್ದರಲ್ಲ. ಹಿಂದೆ ಸಂಪಿನ ಪಕ್ಕ ಒಂದು ಸಿಮೆಂಟ್ ಚೀಲ ಬಾಯಿ ಕಟ್ಟಿ ಇಟ್ಟಿದ್ದರು. "ವೇಸ್ಟ್ ಮೇಡಂ, ನಾಳೆ ಬಂದು ತಗೊಂಡೋಗ್ತೀವಿ" ಅಂದರು. ಸರಿ ಅಂದೆ. ಓನರ್ ಬಂದು ಫೋಟೋ ತೆಗೆದುಕೊಂಡ, ನಾನು ಜಿಪೇ ಮಾಡಿದೆ, ಬಿಲ್ಲು ವಾಟ್ಸಾಪಲ್ಲಿ ಕಳಿಸ್ತೀನಿ ಅಂದ. ಬಿಲ್ಲು ಇವತ್ತಿಗೂ ಬಂದಿಲ್ಲ.

ಅವತ್ತು ಸಂಜೆ ವಾಕಿಂಗ್ ಹೋಗೋರೆಲ್ಲ ಗೇಟಿನ ಹತ್ತಿರ ನಿಂತು ನೋಡಿದ್ದೇ ನೋಡಿದ್ದು. ಎದುರು ಮನೆ ಆಂಟಿ ನಂಬರ್ ಇಸಕೊಂಡರು. ಈಗ ಅವರ ಮುಖ ನೋಡೋಕೆ ಆಗ್ತಿಲ್ಲ ನನಗೆ.

ಆಮೇಲೆ ಉತ್ತರೆ ಮಳೆ ಬಂತು. ಮಧ್ಯಾಹ್ನವೆಲ್ಲ ಧಗೆ, ಸಂಜೆ ಚಾಮುಂಡಿ ಬೆಟ್ಟದ ಕಡೆ ಕಪ್ಪಾಗಿ, ಗುಡುಗಿ, ಗಾಳಿ ಎದ್ದಿತು. ಭಾರಿ ಗಾಳಿ ಮಳೆಯೇನಲ್ಲ. ಬೀದಿಯಲ್ಲಿ ಒಂದು ಮರದ ಕೊಂಬೆ ಕೂಡ ಬಿದ್ದಿಲ್ಲ. ನಮ್ಮ ತುಳಸಿ ಕಟ್ಟೆ ಮೇಲಿದ್ದ ಪ್ಲಾಸ್ಟಿಕ್ ಮಗ್ ಕೂಡ ಇದ್ದಲ್ಲೇ ಇತ್ತು! ಆದರೆ ಆ ಆನೆ ಒರಗೋ ಪೈಪುಗಳು? ಒಂದರ ಮೇಲೊಂದು ಮಲಗಿದ್ದವು. ಬರೀ ಪೈಪು ಬಿದ್ದಿದ್ದರೆ ಇಷ್ಟು ಸಂಕಟ ಆಗ್ತಿರಲಿಲ್ಲ, ಗಿಡಗಳನ್ನೂ ಎಳೆದುಕೊಂಡೇ ಬಿದ್ದಿದ್ದವು. ಯಾಕಂದರೆ ಕಟ್ಟಿದ್ದು ದಾರದಲ್ಲಲ್ಲ, ಕೇಬಲ್ ಟೈನಲ್ಲಿ. ವೈರಿಂಗ್‌ನವರು ಬಳಸ್ತಾರಲ್ಲ ಆ ಪ್ಲಾಸ್ಟಿಕ್ ಪಟ್ಟಿ, ಅದೇ. ಹಾಕಿದ ದಿನ ಕಾಂಡಕ್ಕೆ ಸರಿಯಾಗಿತ್ತೇನೋ, ಕಾಂಡ ದಪ್ಪ ಆದ ಹಾಗೆ ಒಳಗೆ ಕಚ್ಚಿಕೊಂಡಿದೆ. ಉಂಗುರದ ಕೆಳಗೆ ಕಾಣದ ಹಾಗೆ ಬಿಗಿದಿದ್ದರು. ಮುರಿದ ಒಂದೊಂದು ಕಾಂಡವೂ ಸರಿಯಾಗಿ ಆ ಕಟ್ಟಿನ ಜಾಗದಲ್ಲೇ ಮುರಿದಿತ್ತು, ಚಾಕು ಹಾಕಿದ ಹಾಗೆ. ಅರಳೋಕೆ ಇನ್ನೆರಡು ದಿನ ಇದ್ದ ಮೊಗ್ಗುಗಳು. ಹೇಳೋಕಾಗಲ್ಲ ಬಿಡಿ.

ಇಷ್ಟು ಹೊತ್ತೂ ನನಗೆ ಗಾಳಿ ಮೇಲೇ ಸಿಟ್ಟು. ಮೋಸ ಅಂತ ತಲೆಗೇ ಬಂದಿಲ್ಲ.

ಬೆಳಿಗ್ಗೆ ಎದ್ದು, ಉಳಿದವಕ್ಕಾದರೂ ಏನಾದರೂ ಕಟ್ಟೋಣ ಅಂತ ಬಿದ್ದಿದ್ದ ಒಂದು ಪೈಪ್ ಎತ್ತಿದೆ. ಬುಡದಲ್ಲಿ ಮಣ್ಣು ಮೆತ್ತಿರೋದು ನನ್ನ ಕೈ ಮುಷ್ಟಿ ಮುಚ್ಚೋಷ್ಟು ಉದ್ದಕ್ಕೆ ಮಾತ್ರ, ಅರ್ಧ ಅಡಿ ಇರಬಹುದು. ಚೂಪು ತುದಿ ಇಲ್ಲ. ಗರಗಸದಲ್ಲಿ ಕುಯ್ದ ಬಾಯಿ, ಅಂಚಲ್ಲಿ ಹಸಿರು ಪ್ಲಾಸ್ಟಿಕ್ಕು ಎದ್ದಿದೆ, ಒಳಗೆ ಬಿಸ್ಕೆಟ್ ಡಬ್ಬದಷ್ಟು ತೆಳು ತಗಡು, ಆಗಲೇ ಕೆಂಪಗೆ ತುಕ್ಕು. ಇನ್ನೊಂದು ಎತ್ತಿದೆ, ಅದೂ ಹಾಗೇ. ಆಗ ನೆನಪಾಯ್ತು ಸಂಪಿನ ಪಕ್ಕದ ಚೀಲ. ನಾಳೆ ತಗೊಂಡೋಗ್ತೀವಿ ಅಂದವರು ಬಂದೇ ಇರಲಿಲ್ಲವಲ್ಲ. ಬಾಯಿ ಬಿಚ್ಚಿ ಬೋರಲು ಹಾಕಿದೆ. ಝಣಝಣ ಅಂತ ಹಸಿರು ತುಂಡುಗಳು ಬಿದ್ದವು, ಒಂದೊಂದಕ್ಕೂ ಚೂಪು ತುದಿ. ಎಣಿಸಿದೆ, 24. ಹೊಲಿಗೆ ಟೇಪು ತಂದು ಅಳೆದೆ, ಒಂದೂವರೆ ಅಡಿ, ಒಂದೂವರೆ ಅಡಿ, ಒಂದೂವರೆ ಅಡಿ. ಮನೆ ಕಟ್ಟಿಸುವಾಗ ಆ ಪಾತಿ ಕೆಳಗೆ ಜಲ್ಲಿ, ಇಟ್ಟಿಗೆ ಚೂರು ತುಂಬಿದ್ದರು. ಗಡಾರಿಯಲ್ಲಿ ತೋಡಬೇಕಿತ್ತು. ತೋಡೋ ಬದಲು ಕಾಲು ಕತ್ತರಿಸಿ ನಿಲ್ಲಿಸಿದ್ದಾರೆ! ಮೇಲೆ ಐದಡಿ ಲೆಕ್ಕ ಸರಿ ಬರಬೇಕಲ್ಲ, ಅಳತೆ ನೋಡೋದು ಅಲ್ಲೇ ತಾನೆ. ಲೆಕ್ಕ ಹಾಕಿ, 24 ತುಂಡು, 36 ಅಡಿ, ಅಡಿಗೆ 40ರಂತೆ 1440 ರೂಪಾಯಿ. ನಾನು ದುಡ್ಡು ಕೊಟ್ಟು ತಗೊಂಡ ಆಸರೆ ನಮ್ಮ ಹಿತ್ತಲಲ್ಲೇ ಚೀಲದಲ್ಲಿ ಕೂತಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸಮಾಧಾನ ಆಗ್ತಿತ್ತು.

ಈಗ ಆ ಪುಣ್ಯಾತ್ಮನ ಉತ್ತರಗಳು ಕೇಳಿ.

ಬಿದ್ದ ಫೋಟೋ ಮಾತ್ರ ಮೊದಲು ಕಳಿಸಿದೆ, ಚೀಲದ ವಿಷಯ ಹೇಳಲಿಲ್ಲ. "ಮೇಡಂ, ಗಾಳಿ ನಮ್ಮ ಕೈಲಿದ್ಯಾ?" ಅಂದ. ಐದಡಿ ಗಿಡಕ್ಕೆ ಗಾಳಿಗೇ ಅಲ್ವೇನ್ರೀ ಆಸರೆ ಹಾಕಿಸೋದು, ಚಂದಕ್ಕಾ ಅಂದೆ. "ನಿಮ್ಮ ಮಣ್ಣು ತುಂಬಾ ಲೂಸ್ ಇದೆ ಮೇಡಂ, ಗೊಬ್ಬರ ಜಾಸ್ತಿ ಹಾಕಿದೀರ, ಹಿಡ್ಕೊಳಲ್ಲ" ಅಂತ ವಾಯ್ಸ್ ಮೆಸೇಜು. ಆಗ ಕಳಿಸಿದೆ ನೋಡಿ ತುಂಡುಗಳ ಫೋಟೋ, ಪಕ್ಕದಲ್ಲಿ ಟೇಪು ಇಟ್ಟು. ನೀಲಿ ಟಿಕ್ ಬಂತು. ಸಂಜೆವರೆಗೂ ಮಾತಿಲ್ಲ. ರಾತ್ರಿ ಇನ್ನೊಂದು ವಾಯ್ಸು. "ನಿಮ್ಮ ಮಣ್ಣು ಕಲ್ಲಿದ್ದಂಗಿದೆ ಮೇಡಂ, ಪೈಪ್ ಇಳೀಲಿಲ್ಲ, ಹುಡುಗರು ಅಡ್ಜಸ್ಟ್ ಮಾಡಿದಾರೆ."

ಬೆಳಿಗ್ಗೆ ಲೂಸು, ರಾತ್ರಿ ಕಲ್ಲು! ಒಂದೇ ಪಾತಿ ಕಣ್ರೀ. ಎರಡೂ ವಾಯ್ಸ್ ಮೆಸೇಜ್ ನನ್ನ ಹತ್ತಿರ ಹಾಗೇ ಇವೆ.

ಅಡ್ಜಸ್ಟ್ ಮಾಡಿದ್ದನ್ನ ನನಗೆ ಹೇಳಬೇಕಲ್ವಾ, ಕತ್ತರಿಸಿದ್ದಕ್ಕೂ ಅಡಿ ಲೆಕ್ಕದಲ್ಲಿ ಯಾಕೆ ತಗೊಂಡ್ರಿ ಅಂದರೆ, "ಪೀಸ್ ನಿಮ್ಮ ಮನೇಲೇ ಬಿಟ್ಟಿದೀವಲ್ಲ ಮೇಡಂ, ಚಿಕ್ಕ ಗಿಡಕ್ಕೆ ಯೂಸ್ ಮಾಡ್ಕೊಳಿ, ನಿಮ್ಮ ಮಾಲು ನಿಮ್ಮ ಹತ್ರಾನೇ ಇದೆ." ಇಂಥ ಉತ್ತರಕ್ಕೆ ಏನು ಹೇಳೋದು ನೀವೇ ಹೇಳಿ. ವಾರಂಟಿ ಕೇಳಿದೆ. ಐದು ವರ್ಷ ಅಂದಿದ್ದರಲ್ಲ. "ವಾರಂಟಿ ಇರೋದು ಕೋಟಿಂಗ್‌ಗೆ." ಬುಡದಲ್ಲಿ ಕೋಟಿಂಗ್ ಎದ್ದು ತುಕ್ಕು ಹಿಡಿದಿದೆ ಅಂತ ಆ ಫೋಟೋನೂ ಹಾಕಿದೆ. ಅದಕ್ಕೆ ಬಂದ ಉತ್ತರ ಅಕ್ಷರಶಃ ಬರೀತೀನಿ: "ಪೈಪ್ ಕಟ್ ಮಾಡಿದ್ರೆ ವಾರಂಟಿ ಬರಲ್ಲ ಮೇಡಂ."

ಕಟ್ ಮಾಡಿದ್ದು ಯಾರಪ್ಪಾ?

ನಮ್ಮ ಮನೆಯವರು ಫೋನ್ ತಗೊಂಡು ಮಾತಾಡಿದರು. ಅವರಿಗೆ ಮಾತ್ರ "ಸಾರ್, ಸಾರ್" ಅಂತ ಮರ್ಯಾದೆ, ಭಾನುವಾರ ಹುಡುಗರನ್ನ ಕಳಿಸ್ತೀನಿ, ಮತ್ತೆ ಕೂರಿಸೋಕೆ ಒಂದಕ್ಕೆ 50 ಆಗುತ್ತೆ ಅಂದನಂತೆ. ಮತ್ತೆ 50! ಭಾನುವಾರ ಯಾರೂ ಬರಲಿಲ್ಲ. ಈಗ ನನ್ನ ನಂಬರ್ ಬ್ಲಾಕ್. ಬಿಲ್ಲಿಲ್ಲದಿದ್ದರೂ ಜಿಪೇ ಮಾಡಿದ್ದು, ಮೆಸೇಜು ಎಲ್ಲ ಇದೆ. ನಿಮಗೂ ಹೀಗಾದರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು. ಜಿಲ್ಲಾ ಗ್ರಾಹಕರ ಆಯೋಗದಲ್ಲೂ ಐದು ಲಕ್ಷದೊಳಗಿನ ವ್ಯವಹಾರಕ್ಕೆ ಫೀಸಿಲ್ಲ. ಎಂಟು ಸಾವಿರಕ್ಕೆ ಅಲೀತೀಯಾ ಅಂತಾರೆ ಇವರು. ಅಲೀತೀನಿ.

ಒಂದು ಗಿಡ ಬಿದ್ದಿರಲಿಲ್ಲ, ಆದರೂ ಬಾಡ್ತಾ ಬಂತು. ಕಿತ್ತು ನೋಡಿದರೆ ಪೈಪು ಗಡ್ಡೆಯ ನಡುವೆ ಹೋಗಿದೆ, ತೂತಿನ ಸುತ್ತ ಕೊಳೆತು ನಾರುತ್ತಿತ್ತು. ಅದು ಅಮ್ಮ ಕೊಟ್ಟ ಬಿಳಿ ಡೇರೆ. ಒಂದು ಗೇಣು ಬಿಟ್ಟು ಹಾಕಿ ಅಂತ ಬಾಯಿಬಿಟ್ಟು ಹೇಳಿದ್ದೆ ನಾನು.

ಹಾಕಿಸೋರು ಇಷ್ಟು ಮಾಡಿ. ದುಡ್ಡು ಕೊಡೋ ಮುಂಚೆ ಯಾವುದಾದರೂ ಒಂದನ್ನ ನೀವೇ ಆರಿಸಿ "ಇದನ್ನ ಕೀಳಿ, ನೋಡಬೇಕು" ಅನ್ನಿ. ಮುಖ ಸಣ್ಣ ಮಾಡಿದರೆ ಅಲ್ಲೇ ಗೊತ್ತಾಗುತ್ತೆ. ಐದಡಿ ಗಿಡಕ್ಕೆ ಮಣ್ಣೊಳಗೆ ಒಂದೂವರೆ ಎರಡಡಿ ಇಲ್ಲದ ಕೋಲು ಬರೀ ಅಲಂಕಾರ. ಕೆಲಸ ನಡೀವಾಗ ಟೀ ಗೀ ಅಂತ ಒಳಗೆ ಹೋಗಬೇಡಿ, ಅವರು ನೀರು ಕುಡಿದುಕೊಂಡು ಮಾಡಲಿ. ಕೋಲು ನೆಡೋದು ಗಡ್ಡೆ ಹಾಕೋ ದಿನವೇ. ಕೇಬಲ್ ಟೈ, ಬೈಂಡಿಂಗ್ ವೈರು ಕಾಂಡದ ಹತ್ತಿರಕ್ಕೂ ತರಬೇಡಿ. ಹಳೇ ಪಂಚೆ ಹರಿದ ಪಟ್ಟಿ, ಬಾಳೆ ನಾರು, ಸೆಣಬಿನ ದಾರ ಸಾಕು. ಕೋಲಿಗೆ ಬಿಗಿಯಾಗಿ ಒಂದು ಸುತ್ತು, ನಡುವೆ ದಾರ ತಿರುವಿ, ಕಾಂಡಕ್ಕೆ ಬೆರಳಾಡೋಷ್ಟು ಸಡಿಲ, ಎಂಟರ ಆಕಾರಕ್ಕೆ. ಒಂದಡಿಗೊಂದು ಕಟ್ಟು. ಗ್ಲಾಡಿಯೋಲಸ್ ಆದರೆ ಒಂದೊಂದಕ್ಕೂ ಕೋಲು ಬೇಡ, ಗಡ್ಡೆ ನಾಲ್ಕೈದು ಇಂಚು ಆಳಕ್ಕೆ ಹಾಕಿ ಆಮೇಲೆ ಬುಡಕ್ಕೆ ಮಣ್ಣೇರಿಸಿ, ಸಾಲಿನ ಎರಡೂ ಕಡೆ ದಾರ ಎಳೆದರೆ ಆಯ್ತು. ಹಳ್ಳಿ ಕಡೆಯಿಂದ ಹಿಪ್ಪುನೇರಳೆ ಕಡ್ಡಿ ತರೋರು ಪೂರ್ತಿ ಒಣಗಿದ್ದೇ ತನ್ನಿ, ಹಸಿಯದು ಪಾತಿಯಲ್ಲೇ ಚಿಗುರಿ ಬೇರು ಬಿಡುತ್ತೆ.

ಉಳಿದ ಗಿಡಕ್ಕೆ ನಾನೀಗ ಬಂಬೂ ಬಜಾರಿಂದ ಬಿದಿರು ದಬ್ಬೆ ತಂದು ಹಾಕಿದ್ದೀನಿ. ಮೇದರ ಅಜ್ಜಿ ಒಬ್ಬರು, "ಬುಡಕ್ಕೆ ಡಾಂಬರು ಹಚ್ಚಿ ಒಣಗಿಸಿ ಊರವ್ವ, ಗೆದ್ಲು ಬೇಗ ಹತ್ತಲ್ಲ" ಅಂತ ತಾವಾಗೇ ಹೇಳಿಕೊಟ್ಟರು. ಒಂದು ಸೀಸನ್ ಬಂದರೆ ನನಗೆ ಸಾಕು. ಐದು ವರ್ಷ ಯಾರಿಗೆ ಬೇಕಾಗಿತ್ತು. ಸ್ಪರ್ಧೆಗೆ ಹೆಸರು ಕೊಡಲಿಲ್ಲ.

ಇಷ್ಟೆಲ್ಲ ಬರೆಯೋಕೆ ಕಾರಣ ನಿನ್ನೆ ನನ್ನ ನಾದಿನಿ ಕಳಿಸಿದ ಸ್ಕ್ರೀನ್‌ಶಾಟು. ಆ ಮನುಷ್ಯನ ಸ್ಟೇಟಸ್ಸು. ಪೈಪು ಹಾಕಿದ ದಿನ ತೆಗೆದ ಫೋಟೋ, ಕೆಳಗೆ "ಮೈಸೂರಿನ ಮತ್ತೊಬ್ಬ ಸಂತೃಪ್ತ ಗ್ರಾಹಕರು, ದಸರಾ ಆಫರ್ ಅಡಿಗೆ 36 ಮಾತ್ರ" ಅಂತ. ಹಸಿರು ಗೇಟು, ಎಡಗಡೆ ಕೆಂಪು ಸುಣ್ಣ ಬಳಿದ ತುಳಸಿ ಕಟ್ಟೆ, ಹಿಂದೆ ಹಗ್ಗದ ಮೇಲೆ ಅತ್ತೆಯವರ ಹಳದಿ ಸೀರೆ ಒಣಗ್ತಿರೋ ಫೋಟೋ ನಿಮಗೂ ಬಂದಿದ್ದರೆ, ಅದು ನಮ್ಮನೆ. ಆ ಗಿಡಗಳಲ್ಲಿ ಅರ್ಧಕ್ಕರ್ಧ ಈಗ ಗೊಬ್ಬರದ ಗುಂಡಿಯಲ್ಲಿವೆ. ಆ ಸ್ಟೇಟಸ್ ಕೆಳಗೆ ಯಾರಾದರೂ ಇದನ್ನ ಕಳಿಸಿ ಕೊಡಿ, ನಾನು ಬ್ಲಾಕ್ ಆಗಿದ್ದೀನಿ.