ಕೆಟ್ಟಿದ್ದು ಒಂದು ಪಿಕಪ್, ಹೋಗಿದ್ದು ಮೂರೂ

ಹಳೇ ಗಿಟಾರ್ ಇಟ್ಟುಕೊಂಡವರು ದಯವಿಟ್ಟು ಓದಿ. ಮೂರು ವಾರ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಹತ್ತಿರ 1976ರ ಫೆಂಡರ್ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಎಲೆಕ್ಟ್ರಿಕ್ ಗಿಟಾರ್ ಇದೆ. ಸೋದರಮಾವ ಹಡಗಿನ ಕೆಲಸದಲ್ಲಿದ್ದಾಗ ಸಿಂಗಾಪುರದಲ್ಲಿ ಕೊಂಡದ್ದು. ಆಮೇಲೆ ಮಂಗಳೂರಿನ ಮನೆಯಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ನನಗೆ ಕೊಡುವಾಗ ಮಾವ ಹೇಳಿದ್ದು ಒಂದೇ ಮಾತು: "ಬಾರಿಸು, ಆದ್ರೆ ಒಳಗಿದ್ದದ್ದನ್ನು ಹಾಳು ಮಾಡ್ಬೇಡ ಮಾರಾಯ."

ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗವೇ ಪಿಕಪ್, ಈ ಗಿಟಾರಿನಲ್ಲಿ ಮೂರಿವೆ. ಅದರಲ್ಲಿ ಬ್ರಿಡ್ಜ್ ಪಿಕಪ್, ಅಂದರೆ ತಂತಿಗಳ ಬುಡದ ಕಡೆಯದು, ಸತ್ತಿತ್ತು. ಕರಾವಳಿಯ ತೇವ ಗೊತ್ತಲ್ವಾ? ಪಿಕಪ್ಪಿನ ತಾಮ್ರದ ತಂತಿ ಕೂದಲೆಳೆಯಷ್ಟು ತೆಳು. ಕಿಲುಬು ಹಿಡಿದು ಒಂದು ಕಡೆ ತುಂಡಾದರೂ ಸದ್ದು ನಿಂತಂತೆಯೇ. ಉಳಿದ ಎರಡು ಚೆನ್ನಾಗಿದ್ದವು. ನಾನೇ ಮಲ್ಟಿಮೀಟರ್ ಇಟ್ಟು ನೋಡಿದ್ದೆ, ಎರಡರ ವಿದ್ಯುತ್ ರೋಧವೂ 5.7 ಕಿಲೋ ಓಮ್ ಆಸುಪಾಸು.

ಬೆಂಗಳೂರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಬ್ರಿಡ್ಜ್ ಪಿಕಪ್ ಮಾತ್ರ ಬದಲಿಸಿ ಅಂತ ಸ್ಪಷ್ಟವಾಗಿ ಹೇಳಿದ್ದೆ. ಮಾತ್ರ ಅಂತ ಎರಡು ಸಲ ಹೇಳಿದ್ದೆ. ಹಳೇದನ್ನು ವಾಪಸ್ ಕೊಡಿ ಅಂತ ಹೇಳಲಿಲ್ಲ, ಹೇಳಬೇಕು ಅಂತ ಅನ್ನಿಸಲೂ ಇಲ್ಲ. ಬೈಕ್ ಮೆಕ್ಯಾನಿಕ್ ಕೂಡ ಹಳೇ ಬ್ರೇಕ್ ಶೂ ಕವರಿನಲ್ಲಿ ಹಾಕಿ ಕೈಗೆ ಕೊಡುತ್ತಾನೆ.

ಹತ್ತು ದಿನದ ನಂತರ ಹೋದೆ. ಬಿಲ್ 11,500 ರೂಪಾಯಿ. ಆಂಪ್‌ಗೆ ಹಾಕಿದೆ, ಮೂರೂ ಸದ್ದು ಮಾಡಿದವು. ಯಾವ ಪಿಕಪ್ ಬೇಕೆಂದು ಆರಿಸುವ ಸ್ವಿಚ್ ತಿರುಗಿಸಿದರೆ ಐದು ಕಡೆ ನಿಂತಿತು. 1976ರ ಸ್ಟ್ರಾಟ್‌ನಲ್ಲಿ ಇರುವುದು ಮೂರು ಹಂತದ ಸ್ವಿಚ್. ಐದರದ್ದು ಬಂದದ್ದೇ 1977ರಲ್ಲಿ. ಕೇಳಿದೆ. "ಅದು ನಮ್ ಕಡೆಯಿಂದ ಫ್ರೀ ಸಾರ್, ಅಪ್‌ಗ್ರೇಡ್" ಅಂದರು. ನಾನು ಥ್ಯಾಂಕ್ಸ್ ಹೇಳಿ ಹಣ ಕೊಟ್ಟು ಬಂದೆ. ಥ್ಯಾಂಕ್ಸ್ ಹೇಳಿದೆ! ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಮನೆಯಲ್ಲಿ ಬಾರಿಸಿದಾಗ ಅದು ನನ್ನ ಗಿಟಾರ್ ಅನ್ನಿಸಲಿಲ್ಲ. ನೆಕ್ ಪಿಕಪ್ಪಿನ (ಗಿಟಾರಿನ ಕತ್ತಿನ ಕಡೆಯದು) ಆ ಮೃದು ದನಿ ಹೋಗಿತ್ತು. ಮೀಟರ್ ಇಟ್ಟರೆ ಮೂರೂ 7 ಕಿಲೋ ಓಮ್ ದಾಟಿದವು. ಮುಟ್ಟಬಾರದ ನೆಕ್ ಪಿಕಪ್ ಕೂಡ! ರಾತ್ರಿ ಹನ್ನೊಂದಕ್ಕೆ ತಂತಿ ಸಡಿಲಿಸಿ, ಪಿಕಪ್ ಕೂರಿಸಿದ ಮೇಲ್ತಟ್ಟೆ, ಅಂದರೆ ಪಿಕ್‌ಗಾರ್ಡ್ ಬಿಚ್ಚಿದೆ. ಆ ಕಾಲದ ಸ್ಟ್ರಾಟ್ ಪಿಕಪ್ಪಿನಲ್ಲಿ ಕಾಣುವ ಆರು ಕಡ್ಡಿಗಳೇ ಆಲ್ನಿಕೋ ಎಂಬ ಮಿಶ್ರಲೋಹದ ಆಯಸ್ಕಾಂತ, ಅಡಿಯಲ್ಲಿ ಬೂದು ಬಣ್ಣದ ಫೈಬರ್ ತಟ್ಟೆ. ನನಗೆ ಕಂಡದ್ದು ಬಿಳಿ ಪ್ಲಾಸ್ಟಿಕ್, ಅದರ ಅಡಿಗೆ ಅಂಟಿಸಿದ ಕಪ್ಪು ಸೆರಾಮಿಕ್ ಆಯಸ್ಕಾಂತದ ಪಟ್ಟಿ. ಒಂದಲ್ಲ, ಮೂರರಲ್ಲೂ. ಸುಮಾರು ಹೊತ್ತು ನೆಲದ ಮೇಲೇ ಕೂತಿದ್ದೆ. ವಾಲ್ಯೂಮ್, ಟೋನ್ ಹೊಂದಿಸುವ ಪಾಟ್‌ಗಳನ್ನು ಮಾತ್ರ ಮುಟ್ಟಿಲ್ಲ, 137 ಅಂತ ಶುರುವಾಗುವ, ಅವನ್ನು ತಯಾರಿಸಿದ ಸಿಟಿಎಸ್ ಕಂಪನಿಯ ಅಂಕಿ ಹಾಗೇ ಇದೆ.

ಬೆಳಿಗ್ಗೆ ಫೋನ್ ಮಾಡಿದೆ.

"ಮೂರೂ ಮ್ಯಾಚ್ ಆಗ್ಬೇಕು ಸಾರ್, ಅದಕ್ಕೆ ಸೆಟ್ ಹಾಕಿದ್ವಿ."

ಹಳೇವು ಎಲ್ಲಿ?

"ಅವು ಡೆಡ್ ಸಾರ್. ಕಸಕ್ಕೆ ಹಾಕಿದ್ವಿ."

ಎರಡು ಚೆನ್ನಾಗಿದ್ದವಲ್ಲ, ನಾನೇ ಮೀಟರ್ ಇಟ್ಟು ನೋಡಿದ್ದೆ ಅಂದೆ. "ಈಗ ಸೌಂಡ್ ಬರ್ತಿದೆ ತಾನೇ?" ಅಂದರು. ಅಂಗಡಿಗೇ ಹೋದೆ. ಅಲ್ಲಿದ್ದ ಹುಡುಗ ಮುಖ ಎತ್ತಲಿಲ್ಲ. ಮಾಲೀಕರು "ನೀವು ಬರೆದು ಕೊಟ್ಟಿಲ್ವಲ್ಲ ಸಾರ್" ಅಂದರು. ಸ್ವಿಚ್ ಕೂಡ ಕಸಕ್ಕೆ ಹೋಯಿತಂತೆ. ಗಿಟಾರ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರು 1976ರ ಪಿಕಪ್ ಕಸಕ್ಕೆ ಹಾಕುತ್ತಾರೆ ಅಂದರೆ ನಾನು ನಂಬುವುದಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಸತ್ತ ಪಿಕಪ್ ಬದಲಿಸಲೇಬೇಕೆಂದಿಲ್ಲ. ಅದೇ ಬಾಬಿನ್ (ತಂತಿ ಸುತ್ತುವ ಚೌಕಟ್ಟು), ಅದೇ ಆಯಸ್ಕಾಂತ ಇಟ್ಟುಕೊಂಡು ಹೊಸ ತಂತಿ ಸುತ್ತಿಸಬಹುದು. ಅಂಗಡಿಯವರು ಇದರ ಸುದ್ದಿಯನ್ನೇ ಎತ್ತಲಿಲ್ಲ. ಕೊಡುವ ಮುಂಚೆ ಪಿಕ್‌ಗಾರ್ಡ್ ಬಿಚ್ಚಿಸಿ ಅವರೆದುರೇ ಫೋಟೋ ತೆಗೆಯಿರಿ. ತೆಗೆದದ್ದೆಲ್ಲ ವಾಪಸ್ ಅಂತ ಬಿಲ್ಲಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಗಿಟಾರ್ ಎತ್ತಿಕೊಂಡು ಬನ್ನಿ.

ಯಾರಾದರೂ ನಿಮಗೆ ಬೂದು ತಟ್ಟೆಯ ಮೂರು ಹಳೇ ಸ್ಟ್ರಾಟ್ ಪಿಕಪ್ ಮಾರಲು ಬಂದರೆ ದಯವಿಟ್ಟು ತಿಳಿಸಿ. ಒಂದು ಸತ್ತಿದೆ. ಅದರ ಕವರಿನ ಮೂಲೆ ಸೀಳಿದೆ, ಮಾವ ಅಂಟು ಹಾಕಿ ಕೂಡಿಸಿದ ಗೆರೆ ಕಾಣುತ್ತದೆ.